ಹಲ್ಲಿಗೆ ಗೊತ್ತಿದ್ದ ಕೆಲಸ

ಬೋರ್ಡಿನಲ್ಲಿ ಬರೆದಿತ್ತು:
ನೋಂದಣಿ ಉಚಿತ. ಯಾರಿಗೂ ಹಣ ಕೊಡಬೇಡಿ.
ಬೋರ್ಡಿನ ನೆರಳಲ್ಲೇ ಸ್ಟೂಲು ಹಾಕಿ ಕೂತವನು
'ಅಕ್ಕಾ, ಎಂಟುನೂರು ಕೊಡಿ, ಒಳಗೆ ನಾನು ಹೇಳ್ತೀನಿ' ಅಂದ.

ಪುಕ್ಕಟೆ ಅಂದರೆ ನನಗೂ ಗುಮಾನಿಯೇ.
ಪುಕ್ಕಟೆ ಬಂದ ಸೀರೆ ಮೊದಲ ಒಗೆತಕ್ಕೆ ಬಣ್ಣ ಬಿಟ್ಟಿತ್ತು,
ಪುಕ್ಕಟೆ ಬಂದ ಕನ್ನಡಕದಲ್ಲಿ
ಶಿವಮೊಗ್ಗದ ಬಸ್ಸುಗಳೆಲ್ಲ ಎರಡೆರಡು ಬಂದವು.
ಸೆರಗಿನ ಗಂಟಿಗೆ ಕೈ ಹೋಯಿತು.
ಹಿಂದಿದ್ದ ಹುಡುಗ, ಇಮ್ತಿಯಾಜ್ ಅಂತ ಆಮೇಲೆ ಗೊತ್ತಾಯಿತು,
'ಓದೋಕೆ ಬರುತ್ತಲ್ಲ ಆಂಟಿ' ಅಂದ, ಅಷ್ಟೇ.
ಬರುತ್ತೆ. ಏಳನೇ ಕ್ಲಾಸು, ಆಯನೂರು.

ಟೋಕನ್ ಮೂವತ್ತೊಂದು.
ಫ್ಯಾನು ತಿರುಗುತ್ತಿತ್ತು, ಗಾಳಿ ಇನ್ನೂ ಅರ್ಜಿ ಹಾಕಿರಲಿಲ್ಲ.
ನನ್ನಣ್ಣನೂ ಒಮ್ಮೆ ಇಲ್ಲೇ ಹೆಸರು ಬರೆಸಿದ್ದ;
ಸಂದರ್ಶನದ ಕಾರ್ಡು ಒಂಬತ್ತು ವರ್ಷ ಬಿಟ್ಟು ಬಂತು,
ಅವತ್ತು ಅವನು ಮಗನನ್ನು ಶಾಲೆಗೆ ಸೇರಿಸಲು ಹೊರಟಿದ್ದ.

ಜೆಸಿಂತಾ ಮೇಡಂ ತಲೆ ಎತ್ತದೆ ಕೇಳಿದರು.
ಹೆಸರು? ದೇವೀರಮ್ಮ.
ವಯಸ್ಸು? ನಲವತ್ತಾರು.
ಏನು ಕೆಲಸ ಗೊತ್ತು?
ಏನೂ ಇಲ್ಲ ಮೇಡಂ.
ಕೀಲಿಮಣೆಯ ಮೇಲೆ ಬೆರಳು ನಿಂತವು.
'ಇಷ್ಟು ವರ್ಷ ಆ ಏನೂ ಇಲ್ಲದ್ದನ್ನು ಎಲ್ಲಿ ಮಾಡ್ತಿದ್ರಿ?'

ಹೊಳೆಹೊನ್ನೂರು ರಸ್ತೆಯ ಅಕ್ಕಿ ಗಿರಣಿಯಲ್ಲಿ.
ಅಣ್ಣತಮ್ಮಂದಿರು ಪಾಲಾದರು, ಗಿರಣಿಯನ್ನು ಪಾಲು ಮಾಡಲಾಗಲಿಲ್ಲ,
ಅದು ಗುಜರಿಯವನ ತಕ್ಕಡಿ ಹತ್ತಿತು.
ಅದಕ್ಕೂ ಮುಂಚೆ ಇಪ್ಪತ್ತೆರಡು ವರ್ಷ, ಲಾರಿ ಬಂದಾಗೆಲ್ಲ,
ಚೀಲಕ್ಕೆ ಚುಚ್ಚಿ ನಾಲ್ಕು ಕಾಳು ತೆಗೆದು
ಹಲ್ಲಿಗಿಟ್ಟು ಹೇಳುತ್ತಿದ್ದೆ:
ಇದು ಕಟ್ಟನೆ ಮುರೀತು, ಇಳಿಸಿ.
ಇದಿನ್ನೂ ಮೆತ್ತಗಿದೆ, ಎರಡು ಬಿಸಿಲು ಕಾಯಲಿ.
ಇದು ಬಾಯಿಕಟ್ಟಿನ ಹತ್ತಿರ ಇಂಟಾನ್, ತಳದಲ್ಲಿ ಏನೋ ಬೇರೆ.
ಅದೂ ಒಂದು ಕೆಲಸವೇ ಮೇಡಂ? ಬಾಯಾಡಿಸೋದು.

ಅವರು ನಗಲಿಲ್ಲ. ಪಕ್ಕದ ಮೇಜಿನ ವಾಗೀಶಪ್ಪನವರನ್ನು ಕರೆದರು.
ಇಬ್ಬರೂ ಪರದೆಯ ಪಟ್ಟಿಯಲ್ಲಿ ಮೇಲೆ ಹೋದರು, ಕೆಳಗೆ ಬಂದರು.
ಬಡಗಿ ಇದ್ದ, ಬೆಸುಗೆಯವನಿದ್ದ, ಲಿಫ್ಟು ನಡೆಸುವವನೂ ಇದ್ದ,
ಕಚ್ಚಿ ನೋಡುವವಳಿಗೆ ನಂಬರಿರಲಿಲ್ಲ.
ಊಟದ ಹೊತ್ತು ಮೀರಿತು. ಹಿಂದೆ ಸಾಲು ಗೊಣಗಿತು.
ಕೊನೆಗೆ ಸಿಕ್ಕಿತು, ಗಟ್ಟಿಯಾಗಿ ಓದಿದರು:
'ಧಾನ್ಯ ಗುಣಮಟ್ಟ ಪರೀಕ್ಷಕಿ.'
ಬೇರೆ ಯಾರನ್ನೋ ಕರೆದರೇನೋ ಎಂದು
ನಾನು ಹಿಂದೆ ತಿರುಗಿ ನೋಡಿದೆ.

ಐದು ವಾರಕ್ಕೆ ಫೋನು ಬಂತು. ಮಾಚೇನಹಳ್ಳಿಯ ಗೋದಾಮು.
ಭತ್ತವಲ್ಲ, ಮೆಕ್ಕೆಜೋಳ.
ಮೀಸೆ ಬಂದೂ ಬಾರದ ಮ್ಯಾನೇಜರು, ಅವನ ಕೈಯಲ್ಲಿ ತೇವ ಅಳೆಯುವ ಮಿಷನ್ನು.
ಕಚ್ಚಿದೆ. ಹದಿನಾರು ಅಂದೆ.
ಮಿಷನ್ನು ಹದಿಮೂರು ಅಂದಿತು.
ಹೊಸ ಕಾಳು, ಹಲ್ಲಿಗಿನ್ನೂ ಪರಿಚಯವಿಲ್ಲ.
ನಾಲ್ಕನೇ ಚೀಲಕ್ಕೆ ನಾನೂ ಅದೂ ಒಂದೇ ಮಾತಾಡಿದೆವು.
'ಮೂರು ತಿಂಗಳು ನೋಡೋಣ' ಅಂದ ಅವನು.
ಈಗ ಮಿಷನ್ನು ನನ್ನ ಕೈಲಿದೆ. ಕಚ್ಚುವುದನ್ನೂ ಬಿಟ್ಟಿಲ್ಲ,
ಅವನು ಅತ್ತ ಹೋದಾಗ.

ಮೊದಲ ಸಂಬಳಕ್ಕೆ ಅರ್ಧ ಕೆಜಿ ಮೈಸೂರು ಪಾಕು ಹಿಡಿದು ಹೋದೆ.
ಜೆಸಿಂತಾ ಮೇಡಂ ಡಬ್ಬಿ ಮುಟ್ಟದೆ
ಬೆರಳನ್ನು ಬಾಗಿಲಾಚೆಯ ಬೋರ್ಡಿನ ಕಡೆಗೆ ತೋರಿಸಿದರು.
ಆಯನೂರಿನ ಮೇಷ್ಟ್ರು ನೆನಪಾದರು:
ಉಚಿತ ಅಂದರೆ ಬರೀ ಪುಕ್ಕಟೆ ಅಲ್ಲ ಕಣೇ,
ತಕ್ಕದ್ದು ಅಂತಲೂ ಇದೆ,
ಎಂದು ಬೆರಳ ಗಂಟಿಗೆ ಸ್ಕೇಲಿನಲ್ಲಿ ಹೊಡೆದು ಕಲಿಸಿದ್ದರು.

ಹೊರಗೆ ಸ್ಟೂಲಿನವನು ಇನ್ನೊಬ್ಬಳನ್ನು ಅಕ್ಕಾ ಎನ್ನುತ್ತಿದ್ದ.
ಇಮ್ತಿಯಾಜ್ ಸಾಲಿನಲ್ಲಿದ್ದ. ಎರಡು ಕಡೆ ಕರೆದರಂತೆ,
ಎರಡೂ ಕಡೆ ಆಗಲಿಲ್ಲವಂತೆ.
ಡಬ್ಬಿಯಿಂದ ಎರಡು ತುಂಡು ತೆಗೆದುಕೊಂಡ.
'ಈ ಸಲ ಏನು ಗೊತ್ತು ಅಂತ ಕೇಳಿದರೆ
ಏನು ಹೇಳಲಿ ಆಂಟಿ?'

ಏನೂ ಇಲ್ಲ ಅನ್ನು, ಅಂದೆ.
ಅವರು ಅದನ್ನು ಬರೆದುಕೊಳ್ಳುವುದಿಲ್ಲ.